ಗೊತ್ತಿದ್ದೂ ಮಾಡಲಾಗದವರು: ವಯಸ್ಕರ ಎಡಿಎಚ್‌ಡಿ ಮತ್ತು ದಿನನಿತ್ಯದ ಬದುಕು

ಎಡಿಎಚ್‌ಡಿ (ಗಮನವನ್ನೂ ಚಡಪಡಿಕೆಯನ್ನೂ ಹಿಡಿತದಲ್ಲಿಡುವುದು ಕಷ್ಟವಾಗುವ, ಬಾಲ್ಯದಿಂದಲೇ ಇರುವ ಮಿದುಳಿನ ತೊಂದರೆ) ಇರುವ ವಯಸ್ಕರಿಗೆ ಸುತ್ತಲಿನವರು ಹೇಳುವ ಬುದ್ಧಿಮಾತಿನಲ್ಲಿ ಹೊಸದೇನೂ ಇರುವುದಿಲ್ಲ. ಬೇಗ ಏಳು, ಪಟ್ಟಿ ಮಾಡಿಕೋ, ಒಂದು ಮುಗಿಸಿ ಇನ್ನೊಂದಕ್ಕೆ ಕೈಹಾಕು, ಕೊನೇ ಗಳಿಗೆಯವರೆಗೆ ಕಾಯಬೇಡ. ಇದೆಲ್ಲ ಅವರಿಗೆ ಚೆನ್ನಾಗಿಯೇ ಗೊತ್ತಿದೆ. ತಮ್ಮ ಮಕ್ಕಳಿಗೆ ಅವರೂ ಇದನ್ನೇ ಹೇಳಿಕೊಡುತ್ತಾರೆ. ಆದರೂ ಜುಲೈ 31ರ ರಾತ್ರಿ ಹನ್ನೊಂದೂವರೆಗೆ ಆದಾಯ ತೆರಿಗೆಯ ಜಾಲತಾಣ ತೆರೆದು, ಪಾಸ್‌ವರ್ಡ್ ನೆನಪಾಗದೆ ಕಂಗಾಲಾಗಿ ಕೂತಿರುತ್ತಾರೆ. ಆ ದಿನಾಂಕವನ್ನು ಅವರು ಮರೆತಿರಲಿಲ್ಲ. ಎರಡು ತಿಂಗಳಿಂದ ಅದು ತಲೆ ಕೊರೆಯುತ್ತಲೇ ಇತ್ತು. ದಿನಾ ಮಾಡಬೇಕೆಂದುಕೊಂಡು, ದಿನಾ ಮಾಡಲಾಗದೆ, ಮಾಡಲಿಲ್ಲವಲ್ಲ ಎಂಬ ಕೊರಗಿನಲ್ಲೇ ಮಲಗಿದ್ದರು.

ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ದಶಕಗಳಿಂದ ಒತ್ತಿ ಹೇಳುತ್ತ ಬಂದಿರುವುದು ಇದನ್ನೇ. ಏನು ಮಾಡಬೇಕೆಂಬ ತಿಳಿವಳಿಕೆ ಇವರಲ್ಲಿ ಸರಿಯಾಗಿಯೇ ಇರುತ್ತದೆ. ತಿಳಿದದ್ದನ್ನು ಮಾಡಬೇಕಾದ ಹೊತ್ತಿಗೆ, ಮಾಡಬೇಕಾದ ಜಾಗದಲ್ಲಿ ಮಾಡುವ ಶಕ್ತಿ ಕೈಕೊಡುತ್ತದೆ. ಈ ಮಾತನ್ನು ಒಪ್ಪಿದರೆ ಅದರ ಮುಂದಿನ ಮಾತನ್ನೂ ಒಪ್ಪಬೇಕಾಗುತ್ತದೆ: ಇಂಥವರಿಗೆ ಇನ್ನಷ್ಟು ಬುದ್ಧಿ ಹೇಳಿ ಉಪಯೋಗವಿಲ್ಲ. ಕೆಲಸ ಎಲ್ಲಿ ನಡೆಯಬೇಕೋ ಅಲ್ಲಿಯೇ, ಯಾವಾಗ ನಡೆಯಬೇಕೋ ಆಗಲೇ ಕಣ್ಣಿಗೆ ಕಾಣುವ, ಕೈಗೆ ಸಿಗುವ ನೆರವು ಇರಬೇಕು. ತಲೆಯೊಳಗೆ ನಡೆಯಬೇಕಾದ ಒಂದಷ್ಟು ಕೆಲಸವನ್ನು ತಲೆಯ ಹೊರಗೆ ತಂದಿಡಬೇಕು. ಮುಂದೆ ಹೇಳುವುದೆಲ್ಲ ಇದರ ವಿಸ್ತಾರವೇ.

ಇಂಥವರ ಮೇಲೆ ಮನೆಯವರ ದೂರು ಸಾಮಾನ್ಯವಾಗಿ ಹೀಗಿರುತ್ತದೆ: "ಅವನಿಗೆ ಬೇಕಾದ್ದಕ್ಕೆ ಗಮನ ಬರುತ್ತದೆ, ನಾವು ಹೇಳಿದ್ದಕ್ಕೆ ಮಾತ್ರ ಬರುವುದಿಲ್ಲ." ನೋಡುವವರಿಗೆ ಹಾಗೆಯೇ ಕಾಣುತ್ತದೆ. ಕೆಟ್ಟುಹೋದ ಮಿಕ್ಸಿಯನ್ನು ಬಿಚ್ಚಿ ಹರಡಿಕೊಂಡು ಊಟ ಮರೆತು ನಾಲ್ಕು ಗಂಟೆ ಕೂತವನಿಗೆ, ಬ್ಯಾಂಕಿನ ಎರಡು ಪುಟದ ಅರ್ಜಿ ತುಂಬುವುದಕ್ಕೆ ವಾರಗಟ್ಟಲೆ ಕಳೆದರೂ ಆಗುವುದಿಲ್ಲ. ಇದು ಹಟವಲ್ಲದೆ ಇನ್ನೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಜ ಏನೆಂದರೆ, ಗಮನವನ್ನು ಬೇಕಾದ ಕಡೆ ತಿರುಗಿಸುವ, ಸಾಕೆನಿಸಿದಾಗ ಬಿಡಿಸಿಕೊಳ್ಳುವ ಹಿಡಿತ ಅವನಲ್ಲಿ ಸಡಿಲವಾಗಿದೆ. ಕುತೂಹಲ ಕೆರಳಿಸುವ ಕೆಲಸ, ಹೊಸ ಕೆಲಸ, ಗಡುವು ಮೈಮೇಲೆ ಬಂದ ಕೆಲಸ, ಫಲ ಕೂಡಲೇ ಕಾಣುವ ಕೆಲಸ ಇಂಥ ಮಿದುಳನ್ನು ತಾನಾಗಿ ಎಳೆದುಕೊಳ್ಳುತ್ತದೆ. ಮುಖ್ಯವಾದರೂ ಸಪ್ಪೆಯಾದ, ಫಲ ದೂರದಲ್ಲಿರುವ ಕೆಲಸಕ್ಕೆ ಆ ಎಳೆತ ಇಲ್ಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ವ್ಯವಸ್ಥೆಗೂ ಹಣೆಯ ಹಿಂಬದಿಯ ಮಿದುಳಿನ ಭಾಗಕ್ಕೂ ಇದರಲ್ಲಿ ಪಾತ್ರವಿದೆ. ಯೋಜನೆ ಹಾಕುವುದು, ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಬಾಯಿಗೆ ಬಂದ ಮಾತನ್ನು ತಡೆಯುವುದು, ಹೊತ್ತು ಎಷ್ಟಾಯಿತೆಂದು ಅಂದಾಜಿಸುವುದು ಇವೆಲ್ಲ ಆ ಭಾಗವನ್ನು ನೆಚ್ಚಿಕೊಂಡ ಕೆಲಸಗಳು.

ಇದು ಬೆಳೆಸಿದ ರೀತಿಯಿಂದ ಬಂದದ್ದಲ್ಲ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಅವಳಿಗಳನ್ನೂ ಕುಟುಂಬಗಳನ್ನೂ ಅಧ್ಯಯನ ಮಾಡಿದ ವಿಜ್ಞಾನಿಗಳು ಎಡಿಎಚ್‌ಡಿಯ ಆನುವಂಶಿಕತೆಯನ್ನು ಸುಮಾರು ಶೇ 74 ಎಂದು ಲೆಕ್ಕ ಹಾಕಿದ್ದಾರೆ. ಜನರ ಎತ್ತರದ ಅಂತರಕ್ಕೆ ವಂಶ ಎಷ್ಟು ಕಾರಣವೋ, ಇಲ್ಲಿಯೂ ಹೆಚ್ಚುಕಡಿಮೆ ಅದಕ್ಕೆ ಹತ್ತಿರದ ಮಟ್ಟ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಮಕ್ಕಳ ಮಿದುಳಿನ ಚಿತ್ರಗಳನ್ನು ವರ್ಷಗಳ ಕಾಲ ತೆಗೆದು ಹೋಲಿಸಿದಾಗ, ಮಿದುಳಿನ ಹೊರಪದರ ತನ್ನ ಗರಿಷ್ಠ ದಪ್ಪಕ್ಕೆ ಬರುವ ವಯಸ್ಸು ಉಳಿದ ಮಕ್ಕಳಲ್ಲಿ ಸುಮಾರು ಏಳೂವರೆ, ಎಡಿಎಚ್‌ಡಿ ಇರುವವರಲ್ಲಿ ಸುಮಾರು ಹತ್ತೂವರೆ ಎಂದು ಕಂಡಿತು. ತಾಯಿ ಮುದ್ದು ಮಾಡಿ ಕೆಡಿಸಿದಳು, ತಂದೆ ಹೊಡೆಯಲಿಲ್ಲ ಎಂಬ ಮಾತುಗಳಿಗೆ ಇಲ್ಲಿ ಜಾಗವಿಲ್ಲ.

ಇದು ಈಚಿನ ಕಾಲದ ಖಯಾಲಿಯೂ ಅಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಗ್ಸಾಂಡರ್ ಕ್ರೈಟನ್ 1798ರಲ್ಲೇ ಒಂದೆಡೆ ನಿಲ್ಲದ ಗಮನದ ಬಗ್ಗೆ ಬರೆದಿದ್ದರು. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥ ಮಕ್ಕಳ ಕುರಿತು ಉಪನ್ಯಾಸಗಳನ್ನು ಕೊಟ್ಟರು. ಆದರೆ ಬಹುಕಾಲ ಇದನ್ನು ಮಕ್ಕಳ ತೊಂದರೆ, ಮೀಸೆ ಬರುವ ಹೊತ್ತಿಗೆ ಹೋಗಿಬಿಡುತ್ತದೆ ಎಂದೇ ವೈದ್ಯಲೋಕ ನಂಬಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಪರಿಷ್ಕೃತವಾದಾಗ ವಯಸ್ಕರಿಗೆ ಬೇರೆ ಅಳತೆ ಬಂತು. ಹದಿನೇಳು ತುಂಬಿದವರಲ್ಲಿ ಆರರ ಬದಲು ಐದು ಲಕ್ಷಣಗಳು ಸಾಕು. ಅವುಗಳಲ್ಲಿ ಕೆಲವಾದರೂ ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಎಡಿಎಚ್‌ಡಿ ಎಂಬ ಹೆಸರೇ ಸೇರಿದ್ದು 2022ರಿಂದ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ. ಬಾಲ್ಯದಲ್ಲಿ ಎಡಿಎಚ್‌ಡಿ ಗುರುತಿಸಲ್ಪಟ್ಟ ಅಮೆರಿಕದ ಮಕ್ಕಳನ್ನು ಹದಿನಾರು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2022ರಲ್ಲಿ ಹೊರಬಂತು. ಪೂರ್ತಿ ಗುಣವಾಗಿ ಹಾಗೆಯೇ ಉಳಿದವರು ನೂರಕ್ಕೆ ಸುಮಾರು ಒಂಬತ್ತು ಮಂದಿ ಮಾತ್ರ. ಹೆಚ್ಚಿನವರಲ್ಲಿ ಅದು ಕೆಲವು ವರ್ಷ ತಗ್ಗಿ, ಮತ್ತೆ ಕೆಲವು ವರ್ಷ ಏರಿ ಬರುತ್ತಿತ್ತು. ಮಲಯಾಳ ನಟ ಫಹಾದ್ ಫಾಸಿಲ್ 2024ರಲ್ಲಿ ಕೇರಳದ ಕೋತಮಂಗಲದ ಸಭೆಯೊಂದರಲ್ಲಿ ತಮಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಎಡಿಎಚ್‌ಡಿ ಪತ್ತೆಯಾಯಿತೆಂದು ಹೇಳಿದಾಗ ನಮ್ಮಲ್ಲಿ ಅನೇಕರು ಮೊದಲ ಬಾರಿಗೆ ಕೇಳಿಕೊಂಡ ಪ್ರಶ್ನೆ, ಅಷ್ಟು ವರ್ಷ ಗೊತ್ತಾಗದೆ ಇರುವುದು ಹೇಗೆ ಸಾಧ್ಯ ಎಂಬುದು.

ಆ ಪ್ರಶ್ನೆಗೆ ಉತ್ತರ ನಮ್ಮ ಮನೆ, ಶಾಲೆಗಳಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ತಾರಸಿ ಹಾಕುವಾಗ ಕೆಳಗೆ ಸಾರುವೆ ನಿಲ್ಲಿಸುತ್ತಾರಲ್ಲ, ಹಾಗೆ ನಮ್ಮ ಮಕ್ಕಳ ದಿನಚರಿಗೆ ಇಪ್ಪತ್ತೆರಡು ವರ್ಷದವರೆಗೂ ಹೊರಗಿನ ಸಾರುವೆ ಇರುತ್ತದೆ. ಎಬ್ಬಿಸಲು ಅಮ್ಮ, ಡಬ್ಬಿ ಕಟ್ಟಿಕೊಡಲು ಅಮ್ಮ, ಪರೀಕ್ಷೆಯ ದಿನ ಹಾಲ್ ಟಿಕೆಟ್ ಇಟ್ಟುಕೊಂಡೆಯಾ ಎಂದು ಬಾಗಿಲಲ್ಲಿ ನಿಂತು ಕೇಳಲು ಅಪ್ಪ. ಪಿಯುಸಿಗೆ ದಕ್ಷಿಣ ಕನ್ನಡದ ವಸತಿ ಕಾಲೇಜಿಗೆ ಹಾಕಿದರೆ ಇನ್ನೂ ಬಿಗಿ: ನಸುಕಿನಲ್ಲಿ ಗಂಟೆ, ಓದಿಗೆ ಗಂಟೆ, ಊಟಕ್ಕೆ ಗಂಟೆ, ಮೊಬೈಲ್ ವಾರ್ಡನ್ ಬಳಿ. ಜಾಣ ಹುಡುಗ ಇಂಥ ಕಡೆ ಶೇ 95 ಅಂಕ ತೆಗೆಯುತ್ತಾನೆ. ಅವನ ಹೊತ್ತನ್ನು ಯಾರೋ ನೋಡಿಕೊಂಡರು, ಅವನು ಓದನ್ನು ನೋಡಿಕೊಂಡ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಬಾಡಿಗೆ ಕೋಣೆ ಹಿಡಿಯುವಾಗ ಸಾರುವೆ ಒಮ್ಮೆಲೇ ಕಳಚುತ್ತದೆ. ಬಾಡಿಗೆ, ಕರೆಂಟ್ ಬಿಲ್, ಒಗೆಯದ ಬಟ್ಟೆ, ಕಚೇರಿಯ ಹತ್ತು ಮೇಲ್, ಊರಿಗೆ ಟಿಕೆಟ್, ದಂತವೈದ್ಯರ ಭೇಟಿ ಎಲ್ಲವನ್ನೂ ಒಂದೇ ತಲೆ ಹಿಡಿದಿಡಬೇಕು. ಎರಡು ವರ್ಷದಲ್ಲಿ ಆತ ಮೂರು ಕಂಪನಿ ಬದಲಿಸಿದರೆ ಊರಿನವರು "ಬೆಂಗಳೂರಿಗೆ ಹೋಗಿ ಕೆಟ್ಟ" ಎನ್ನುತ್ತಾರೆ. ಕೆಟ್ಟದ್ದೇನೂ ಇರಲಿಲ್ಲ. ಮೊದಲಿನಿಂದ ಇದ್ದದ್ದು ಈಗ ಕಣ್ಣಿಗೆ ಬಿತ್ತು. ಕೋವಿಡ್ ಕಾಲದಲ್ಲಿ ಕಚೇರಿ ಮನೆಗೇ ಬಂದಾಗ, ಬಸ್ಸಿನ ಹೊತ್ತು, ಪಕ್ಕದ ಮೇಜಿನ ಸಹೋದ್ಯೋಗಿ, ಹನ್ನೊಂದರ ಚಹಾ ಎಂಬ ಅಳಿದುಳಿದ ಊರುಗೋಲುಗಳೂ ಹೋದವು. ಆ ಅವಧಿಯಲ್ಲಿ ಪರೀಕ್ಷೆಗೆ ಬಂದ ವಯಸ್ಕರ ಸಂಖ್ಯೆ ಹಲವು ದೇಶಗಳಲ್ಲಿ ಏರಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೆಣ್ಣುಮಕ್ಕಳದ್ದು ಬೇರೆಯೇ ಕಥೆ. ತರಗತಿಯಲ್ಲಿ ಬೆಂಚು ಹಾರುವ ಹುಡುಗ ಮೇಷ್ಟ್ರ ಕಣ್ಣಿಗೆ ಬೀಳುತ್ತಾನೆ. ಪುಸ್ತಕ ತೆರೆದಿಟ್ಟು ಎಲ್ಲೋ ಕಳೆದುಹೋದ ಹುಡುಗಿ "ಪಾಪ, ಮೆತ್ತಗಿನ ಮಗು" ಎನ್ನಿಸಿಕೊಳ್ಳುತ್ತಾಳೆ. ಚಡಪಡಿಕೆ ಹೊರಗೆ ಕಾಣದೆ ಗಮನದ ತೊಂದರೆಯೊಂದೇ ಇರುವ ಬಗೆ ಹುಡುಗಿಯರಲ್ಲಿ ಹೆಚ್ಚಾಗಿ ಗುರುತು ತಪ್ಪಿಹೋಗುತ್ತದೆ. ಬಾಲ್ಯದಲ್ಲಿ ಪತ್ತೆಯಾಗುವವರಲ್ಲಿ ಹುಡುಗರೇ ಬಹುಪಾಲು, ವಯಸ್ಕರಲ್ಲಿ ಗಂಡು ಹೆಣ್ಣಿನ ನಡುವಿನ ಅಂತರ ತೀರ ಕಡಿಮೆ ಎಂಬುದೇ ಇದನ್ನು ಹೇಳುತ್ತದೆ. ಮದುವೆಯಾದ ಮೇಲೆ ಅವಳ ಸಾರುವೆ ಕಳಚುವುದಷ್ಟೇ ಅಲ್ಲ, ಉಳಿದವರಿಗೆಲ್ಲ ಅವಳೇ ಸಾರುವೆಯಾಗಿ ನಿಲ್ಲಬೇಕಾಗುತ್ತದೆ. ಹಾಲಿನವನ ಲೆಕ್ಕ, ಗ್ಯಾಸ್ ಬುಕ್ಕಿಂಗ್, ಮಗುವಿನ ಲಸಿಕೆ, ಅತ್ತೆಯ ಬಿಪಿ ಮಾತ್ರೆ, ಗಂಡನ ಕಡೆಯ ಗೃಹಪ್ರವೇಶಕ್ಕೆ ಉಡುಗೊರೆ. ಒಲೆಯ ಮೇಲಿಟ್ಟ ಹಾಲು ಮೂರನೆಯ ಸಲ ಉಕ್ಕಿದಾಗ ಅಡುಗೆಮನೆಯಿಂದ ಹೊರಗೆ ಬರುವ ಮಾತು "ತಲೆ ಎಲ್ಲಿಟ್ಟುಕೊಂಡಿದ್ದೀಯ?" ಎಂಬುದು. ಆಕೆ ಹದಿನೈದು ವರ್ಷದಿಂದ ತನ್ನನ್ನೇ ಕೇಳಿಕೊಳ್ಳುತ್ತಿರುವ ಪ್ರಶ್ನೆಯೂ ಅದೇ. ಮಗನಿಗೋ ಮಗಳಿಗೋ ಶಾಲೆಯವರು ಪರೀಕ್ಷೆ ಮಾಡಿಸಲು ಹೇಳಿ, ವೈದ್ಯರ ಎದುರು ಕೂತು ಪ್ರಶ್ನಾವಳಿ ತುಂಬುವಾಗ, ಇದು ಮಗುವಿನದೋ ನನ್ನದೋ ಎಂದು ಆಕೆಗೆ ಹೊಳೆಯುತ್ತದೆ. ಎಷ್ಟೋ ತಾಯಂದಿರಿಗೆ ವಿಷಯ ತಿಳಿಯುವುದು ಹಾಗೆ.

ಒಂದು ಸಾಧಾರಣ ಕೆಲಸವನ್ನು ಹತ್ತಿರದಿಂದ ನೋಡೋಣ. ನಲವತ್ತೆರಡರ ಒಬ್ಬರ ಚಾಲನಾ ಪರವಾನಗಿಯ ಅವಧಿ ಮುಗಿಯುತ್ತಿದೆ. ಎಲ್ಲರಿಗೂ ಇದು "ಲೈಸೆನ್ಸ್ ರಿನ್ಯೂ ಮಾಡಿಸು" ಎಂಬ ಒಂದೇ ಸಾಲು. ಇವರಿಗೆ ಹಾಗಲ್ಲ. ಸಾರಿಗೆ ಇಲಾಖೆಯ ತಾಣಕ್ಕೆ ಹೋಗಬೇಕು. ಹೋದರೆ ಜನ್ಮದಿನಾಂಕ, ಪರವಾನಗಿ ಸಂಖ್ಯೆ ಕೇಳುತ್ತದೆ. ಸಂಖ್ಯೆ ನೋಡಲು ಪರ್ಸ್ ಬೇಕು, ಪರ್ಸ್ ಇನ್ನೊಂದು ಪ್ಯಾಂಟಿನಲ್ಲಿದೆ. ಪ್ಯಾಂಟ್ ಹುಡುಕಲು ಕೋಣೆಗೆ ಹೋದಾಗ ಒಗೆಯಬೇಕಾದ ಬಟ್ಟೆ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಹೇಗೋ ಪಾರಾಗಿ ಬಂದರೆ, ನಲವತ್ತು ದಾಟಿದವರಿಗೆ ವೈದ್ಯರ ಸಹಿ ಇರುವ ನಮೂನೆ 1ಎ ಬೇಕೆಂದು ಗೊತ್ತಾಗುತ್ತದೆ. ಮನೆಯಲ್ಲಿ ಪ್ರಿಂಟರ್ ಇಲ್ಲ. ಜೆರಾಕ್ಸ್ ಅಂಗಡಿ ಊಟದ ಹೊತ್ತಿಗೆ ಮುಚ್ಚಿರುತ್ತದೆ. ವೈದ್ಯರು ಸಿಗುವುದು ಸಂಜೆ. ಸಹಿ ಆದ ಕಾಗದವನ್ನು ಮತ್ತೆ ಸ್ಕ್ಯಾನ್ ಮಾಡಬೇಕು, ಫೈಲಿನ ಗಾತ್ರ ಇಳಿಸಬೇಕು. ಇದರಲ್ಲಿ ಯಾವುದೂ ಕಷ್ಟದ ಕೆಲಸವಲ್ಲ. ಆದರೆ ಪ್ರತಿ ಹೆಜ್ಜೆಯೂ ಹೊಸದಾಗಿ ಶುರು ಮಾಡಬೇಕಾದ ಕೆಲಸ, ಮತ್ತು ಈ ಮಿದುಳಿಗೆ ಅತಿ ದುಬಾರಿಯಾದದ್ದು ಶುರು ಮಾಡುವುದೇ. ನಡುವೆ ಎಲ್ಲಿ ಕಡಿದರೂ ಎಳೆ ಕೈತಪ್ಪುತ್ತದೆ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾದ ನಿಯಮವಿದೆ, ಇಪ್ಪತ್ತು ವರ್ಷ ಗಾಡಿ ಓಡಿಸಿದವರಿಗೂ.

ಇದನ್ನು ಬಿಡಿಸಿಕೊಳ್ಳುವ ದಾರಿಯೂ ಈ ಉದಾಹರಣೆಯಲ್ಲೇ ಇದೆ. ಪಟ್ಟಿಯಲ್ಲಿ "ಲೈಸೆನ್ಸ್" ಎಂದು ಬರೆದರೆ ಆ ಸಾಲು ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ. ಬರೆಯಬೇಕಾದದ್ದು ಮೈ ಕೈ ಆಡಿಸುವ ಮೊದಲ ಹೆಜ್ಜೆಯನ್ನು: "ಶನಿವಾರ ತಿಂಡಿ ತಿಂದ ತಟ್ಟೆ ತೊಳೆದಿಟ್ಟ ಕೂಡಲೇ ನಮೂನೆಯನ್ನು ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳಿಸುತ್ತೇನೆ." ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಂಟುಹಾಕಿಡುವ ಈ ಕ್ರಮವನ್ನು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಜರ್ 1990ರ ದಶಕದಲ್ಲಿ ರೂಪಿಸಿದರು. ಎಡಿಎಚ್‌ಡಿ ಇರುವ ಮಕ್ಕಳ ಮೇಲೂ ಇದನ್ನು ಪ್ರಯೋಗಿಸಿ ನೋಡಿದ್ದಾರೆ, ಫಲ ಕೊಟ್ಟಿದೆ. ಆ ಹೊತ್ತಿನಲ್ಲಿ ಮಾಡಲೋ ಬೇಡವೋ ಎಂದು ಮನಸ್ಸು ತೀರ್ಮಾನಿಸುತ್ತ ಕೂರುವ ಅಗತ್ಯವೇ ಬರುವುದಿಲ್ಲ, ತೊಳೆದಿಟ್ಟ ತಟ್ಟೆಯೇ ನೆನಪಿಸುತ್ತದೆ.

ಇನ್ನೊಂದು ನೆರವು ಜೊತೆ. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತ ಕೂತಿದ್ದರೆ ಇವರ ಕೆಲಸವೂ ಸಾಗುತ್ತದೆ. ಇದರ ಹಿಂದಿನ ಸಂಶೋಧನೆ ಇನ್ನೂ ತೆಳುವಾಗಿದೆ, ಅನುಭವದ ಸಾಕ್ಷಿ ಮಾತ್ರ ದಂಡಿಯಾಗಿದೆ. ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಹಪ್ಪಳ ಒತ್ತುವುದು, ಅಡಿಕೆ ಸುಲಿಯುವುದು ಯಾವಾಗಲೂ ಗುಂಪಿನಲ್ಲೇ ನಡೆಯುತ್ತಿತ್ತು. ಸಪ್ಪೆ ಕೆಲಸವನ್ನು ಒಬ್ಬರೇ ಕೋಣೆಯ ಬಾಗಿಲು ಹಾಕಿಕೊಂಡು ಮಾಡಬೇಕೆಂಬುದು ನಗರ ಕಲಿಸಿದ ಪಾಠ. ತೆರಿಗೆ ವಿವರ ಸಲ್ಲಿಸುವ ದಿನ ಗೆಳೆಯನನ್ನು ಮನೆಗೆ ಕರೆದು, ಅವನು ತನ್ನ ಕೆಲಸ ಮಾಡಿಕೊಳ್ಳಲಿ, ನಾನು ನನ್ನದು ಮುಗಿಸುತ್ತೇನೆ ಎನ್ನುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದೂರದಲ್ಲಿದ್ದರೆ ವಿಡಿಯೊ ಕರೆ ಸಾಕು.

ಹೊತ್ತಿನ ತೊಂದರೆಯನ್ನು ಹೊರಗಿನವರಿಗೆ ಅರ್ಥಮಾಡಿಸುವುದು ಎಲ್ಲಕ್ಕಿಂತ ಕಷ್ಟ. ಎಡಿಎಚ್‌ಡಿ ಇರುವವರ ಮಟ್ಟಿಗೆ ಕಾಲ ಎರಡೇ ಬಗೆ: ಈಗ, ಮತ್ತು ಈಗ ಅಲ್ಲದ್ದು. ಮುಂದಿನ ಗುರುವಾರವೂ ಮುಂದಿನ ಯುಗಾದಿಯೂ ಎರಡನೆಯ ಗುಂಪಿನಲ್ಲಿ ಒಟ್ಟಿಗೆ ಇರುತ್ತವೆ. ಆದ್ದರಿಂದ ಹೊತ್ತು ಕಣ್ಣಿಗೆ ಕಾಣಬೇಕು. ಮುಳ್ಳಿರುವ ಗೋಡೆ ಗಡಿಯಾರ ಇದಕ್ಕೆ ಮೊಬೈಲಿನ ಅಂಕಿಗಿಂತ ಒಳ್ಳೆಯದು, ಉಳಿದ ಹೊತ್ತು ಅದರಲ್ಲಿ ಜಾಗವಾಗಿ ಕಾಣುತ್ತದೆ. ಬಚ್ಚಲುಮನೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಇರಲಿ. ಕ್ಯಾಲೆಂಡರಿನಲ್ಲಿ "ಹತ್ತಕ್ಕೆ ಸಭೆ" ಎಂದು ಬರೆಯುವ ಬದಲು "8.50ಕ್ಕೆ ಚಪ್ಪಲಿ ಹಾಕಿಕೊಳ್ಳುವುದು" ಎಂದು ಬರೆಯಬೇಕು. ಕ್ಯಾಲೆಂಡರ್ ಒಂದೇ ಇರಬೇಕು, ಕೆಲಸದ ಪಟ್ಟಿಯೂ ಒಂದೇ. ಆಗ ಹಾರ್ವರ್ಡ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಸ್ಟೀವನ್ ಸ್ಯಾಫ್ರನ್ ಮತ್ತು ಸಂಗಡಿಗರು ವಯಸ್ಕರಿಗಾಗಿ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಚಿಕಿತ್ಸೆ) ಶುರುವಾಗುವುದೇ ಇಲ್ಲಿಂದ. ಔಷಧ ತೆಗೆದುಕೊಂಡೂ ತೊಂದರೆ ಉಳಿದಿದ್ದ 86 ವಯಸ್ಕರ ಮೇಲೆ ಅವರು ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಮೈಮನ ಸಡಿಲಿಸುವ ತರಬೇತಿ ಪಡೆದವರಿಗಿಂತ ಈ ಚಿಕಿತ್ಸೆ ಪಡೆದವರ ಲಕ್ಷಣಗಳು ಹೆಚ್ಚು ತಗ್ಗಿದವು. ಅವರ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಕೂತು ಕೆಲಸ ಮಾಡುವಾಗ ಮನಸ್ಸು ಎಷ್ಟು ನಿಮಿಷ ನಿಲ್ಲುತ್ತದೆಂದು ಮೊದಲು ಅಳೆದುಕೊಳ್ಳುವುದು, ಕೆಲಸವನ್ನು ಅಷ್ಟಷ್ಟೇ ನಿಮಿಷದ ತುಂಡು ಮಾಡುವುದು. ನಡುವೆ "ಅಕ್ಕನಿಗೆ ಫೋನ್ ಮಾಡಬೇಕಿತ್ತು" ಎಂದು ನೆನಪಾದರೆ ಫೋನ್ ಮಾಡದೆ ಕಾಗದದಲ್ಲಿ ಗೀಚಿಟ್ಟು ಮುಂದುವರಿಯುವುದು. ಬರೆದಿಟ್ಟಿದ್ದೇನೆ ಎಂದು ಗೊತ್ತಾದರೆ ಮನಸ್ಸು ಅದನ್ನು ಬಿಟ್ಟುಕೊಡುತ್ತದೆ.

ಇದಕ್ಕೆಂದೇ ಬಂದಿರುವ ಆ್ಯಪ್‌ಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ದಾರಿ ತಪ್ಪಿಸುವ ಎಲ್ಲವೂ ತುಂಬಿರುವ ಫೋನನ್ನು ದಾರಿ ತೋರಿಸಲಿ ಎಂದು ದಿನಕ್ಕೆ ಇಪ್ಪತ್ತು ಸಲ ತೆರೆಯುವುದು ನಷ್ಟದ ಬಾಬತ್ತು. ಬಾಗಿಲ ಪಕ್ಕದ ಮೊಳೆಗೆ ಕೀಲಿ, ಹಲ್ಲುಜ್ಜುವ ಬ್ರಷ್ ಪಕ್ಕ ಮಾತ್ರೆ, ಬೇಳೆಕಾಳಿಗೆ ಒಳಗಿನದು ಕಾಣುವ ಡಬ್ಬಿ, ನಾಳೆ ಒಯ್ಯಬೇಕಾದ ಕಾಗದ ಇವತ್ತೇ ಚಪ್ಪಲಿಯ ಮೇಲೆ. ಕಪಾಟಿನೊಳಗೆ ಹೋದದ್ದು ಈ ಮನಸ್ಸಿನಿಂದಲೂ ಹೋಯಿತು. ಮನೆ ಓರಣವಾಗಿ ಕಾಣುವುದಕ್ಕಿಂತ ವಸ್ತು ಕಣ್ಣೆದುರು ಇರುವುದು ಮುಖ್ಯ, ನೆಂಟರು ಏನೆಂದುಕೊಂಡರೂ ಸರಿಯೇ.

ಹಣದ ವಿಷಯದಲ್ಲಿ ಮಾತ್ರ ತಂತ್ರಜ್ಞಾನ ನಿಜವಾಗಿ ಉಪಕಾರ ಮಾಡಿದೆ. ತೆರಿಗೆ ವಿವರ ತಡವಾದರೆ 5,000 ರೂಪಾಯಿವರೆಗೆ ಶುಲ್ಕ, ಒಟ್ಟು ಆದಾಯ ಐದು ಲಕ್ಷದೊಳಗಿದ್ದರೆ 1,000. ಕ್ರೆಡಿಟ್ ಕಾರ್ಡ್ ಕಟ್ಟುವುದು ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚು ತಡವಾದರೆ ದಂಡ, ಬಡ್ಡಿ ಬೇರೆ. ಹಣ ಇದ್ದೂ ದಂಡ ಕಟ್ಟುವುದು ಈ ತೊಂದರೆಯ ನಿತ್ಯದ ಖರ್ಚು. ಕರೆಂಟ್, ಫೋನ್, ವಿಮೆ, ಕಾರ್ಡ್ ಎಲ್ಲವನ್ನೂ ಸಂಬಳ ಬಂದ ಮರುದಿನ ತಾನಾಗಿ ಕಡಿತವಾಗುವಂತೆ ಮಾಡಿದರೆ, ಒಮ್ಮೆ ಕೂತು ಮಾಡಿದ ಕೆಲಸ ವರ್ಷಗಟ್ಟಲೆ ಕಾಯುತ್ತದೆ. ಮನಸ್ಸು ಚುರುಕಾಗಿರುವ ಒಂದು ದಿನವನ್ನು ಇದಕ್ಕೆ ಮೀಸಲಿಡುವುದು ಸಾರ್ಥಕ.

ಪುಸ್ತಕಗಳು ಅಷ್ಟಾಗಿ ಹೇಳದ ಒಂದು ಮಾತಿದೆ. ಈ ಯಾವ ಏರ್ಪಾಟೂ ಹೆಚ್ಚು ಕಾಲ ಬಾಳುವುದಿಲ್ಲ. ಹೊಸ ಡೈರಿ ಕೆಲವು ವಾರ ಚೆನ್ನಾಗಿ ನಡೆಯುತ್ತದೆ, ಆಮೇಲೆ ಅದರ ಹೊಸತನ ಆರಿ ಮೂಲೆ ಸೇರುತ್ತದೆ. ಆಗ "ಇದೂ ನನ್ನ ಕೈಯಲ್ಲಿ ಆಗಲಿಲ್ಲ" ಎಂದು ಕುಗ್ಗುವುದು ಬೇಡ. ಹೊಸತನಕ್ಕೆ ಓಗೊಡುವ ಮಿದುಳಿಗೆ ಆಗಾಗ ಹೊಸ ಡೈರಿ ಬೇಕಾಗುವುದು ಸಹಜ. ಬಣ್ಣ ಬದಲಿಸಿ, ಜಾಗ ಬದಲಿಸಿ, ಹಳೆಯದಕ್ಕೇ ಮರಳಿ. ವರ್ಷಕ್ಕೆ ನಾಲ್ಕು ಏರ್ಪಾಟುಗಳು ಮೂರು ಮೂರು ತಿಂಗಳು ನಡೆದರೂ ವರ್ಷವಿಡೀ ನಡೆದಂತೆಯೇ ಲೆಕ್ಕ.

ಕುಗ್ಗುವಿಕೆಯ ಮಾತು ಬಂತು, ಅದನ್ನು ದಾಟಿ ಹೋಗುವಂತಿಲ್ಲ. "ನಾಳೆ ಎಂದವನ ಮನೆ ಹಾಳು" ಎಂಬ ಗಾದೆ ಕೇಳುತ್ತಲೇ ಬೆಳೆದ ಇವರು ಮೂವತ್ತು ತುಂಬುವ ಹೊತ್ತಿಗೆ ತಮ್ಮ ಬಗ್ಗೆ ಒಂದು ತೀರ್ಪನ್ನು ಕೊಟ್ಟುಕೊಂಡಿರುತ್ತಾರೆ: ಸೋಮಾರಿ, ಬೇಜವಾಬ್ದಾರಿ, ಮಾತಿಗೆ ತಪ್ಪುವವನು. ಖಿನ್ನತೆ, ಆತಂಕ ಎಡಿಎಚ್‌ಡಿಯ ಜೊತೆ ಜೊತೆಗೇ ಬರುವುದು ಸಾಮಾನ್ಯ. ಅನೇಕರು ಮೊದಲು ಚಿಕಿತ್ಸೆ ಪಡೆಯುವುದು ಇವುಗಳಿಗೇ. ಬುಡದಲ್ಲಿರುವುದು ವರ್ಷಗಳ ನಂತರ ತಿಳಿಯುತ್ತದೆ. ಸೋಮಾರಿಗೆ ಕೆಲಸ ಮಾಡದಿದ್ದುದರಿಂದ ವಿಶ್ರಾಂತಿಯಾದರೂ ಸಿಗುತ್ತದೆ. ಇವರಿಗೆ ಅದೂ ಇಲ್ಲ. ಸೋಫಾದ ಮೇಲೆ ಕೂತು ಮೂರು ಗಂಟೆ ಮೊಬೈಲ್ ನೋಡಿದಂತೆ ಕಾಣುವವರು, ಆ ಮೂರು ಗಂಟೆಯೂ ಏಳಬೇಕು ಏಳಬೇಕು ಎಂದು ತಮ್ಮೊಳಗೇ ಜಗಳವಾಡಿ ದಣಿದಿರುತ್ತಾರೆ. ಇದನ್ನು ಗಂಡ, ಹೆಂಡತಿ, ತಂದೆ ತಾಯಿ ಅರಿತರೆ ಮನೆಯ ಅರ್ಧ ಜಗಳ ನಿಲ್ಲುತ್ತದೆ. "ಯಾಕೆ ಮಾಡಲಿಲ್ಲ?" ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ. "ಎಲ್ಲಿ ಸಿಕ್ಕಿಕೊಂಡಿತು?" ಎಂದು ಕೇಳಿದರೆ ಉತ್ತರವಿದೆ: ಪ್ರಿಂಟರ್ ಇರಲಿಲ್ಲ.

ಔಷಧದ ಬಗ್ಗೆ ನಮ್ಮಲ್ಲಿ ಹೆದರಿಕೆ ಹೆಚ್ಚು, ತಿಳಿವಳಿಕೆ ಕಡಿಮೆ. ಎಡಿಎಚ್‌ಡಿಗೆ ಕೊಡುವ ಉತ್ತೇಜಕ ಮೆಥೈಲ್‌ಫೆನಿಡೇಟ್ ಹೊಸ ಔಷಧವಲ್ಲ. 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಿ 1950ರ ದಶಕದಿಂದ ಬಳಕೆಯಲ್ಲಿದೆ. ನರಕೋಶಗಳ ನಡುವೆ ಡೋಪಮಿನ್, ನಾರ್‌ಅಡ್ರಿನಲಿನ್ ಮರುಹೀರಿಕೆಯನ್ನು ತಡೆದು ಅವು ಹೆಚ್ಚು ಹೊತ್ತು ಸಿಗುವಂತೆ ಮಾಡುತ್ತದೆ. ಸಾಮಾನ್ಯ ಮಾತ್ರೆಯ ಪ್ರಭಾವ ಮೂರು ನಾಲ್ಕು ಗಂಟೆ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದ್ದು ಎಂಟರಿಂದ ಹನ್ನೆರಡು ಗಂಟೆ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು, ಎದೆಬಡಿತ ಮತ್ತು ರಕ್ತದೊತ್ತಡ ಸ್ವಲ್ಪ ಏರುವುದು ಅಡ್ಡಪರಿಣಾಮಗಳು. ಹೃದಯದ ತೊಂದರೆ ಇದ್ದವರು ವೈದ್ಯರಿಗೆ ಮೊದಲೇ ಹೇಳಬೇಕು. ಉತ್ತೇಜಕವಲ್ಲದ ಅಟೊಮಾಕ್ಸೆಟಿನ್ ಕೂಡ ಇದೆ, ಅದು ಪೂರ್ತಿ ಫಲ ಕೊಡಲು ಕೆಲವು ವಾರ ಬೇಕು. ಔಷಧ ಶುರು ಮಾಡಿದ ಹಲವರು ಹೇಳುವುದು, ತಲೆಯೊಳಗಿನ ಗದ್ದಲ ತಗ್ಗಿತು ಎಂದು. ಆದರೆ ಎದುರಿಗಿರುವುದರ ಮೇಲೆ ಗಮನ ನಿಲ್ಲಿಸಲು ಮಾತ್ರೆ ಸಹಾಯ ಮಾಡುತ್ತದೆ. ಎದುರಿಗೆ ಯಾವುದನ್ನು ಇಟ್ಟುಕೊಳ್ಳಬೇಕೆಂದು ಅದು ಹೇಳುವುದಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ ಕ್ರಿಕೆಟ್ ಅಂಕಿಅಂಶ ನೋಡಲು ಕೂತರೆ ಮಧ್ಯಾಹ್ನದವರೆಗೂ ಅದನ್ನೇ ನೋಡಬಹುದು.

ಪರೀಕ್ಷೆ ಮಾಡಿಸದೆ ತೀರ್ಮಾನಕ್ಕೆ ಬರುವುದೂ ಅಪಾಯ. ಕಿರು ವಿಡಿಯೊಗಳಲ್ಲಿ ಎಡಿಎಚ್‌ಡಿಯ ಮಾತು ಈಗ ಎಲ್ಲೆಲ್ಲೂ ಇದೆ. ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ಜನ ನೋಡಿದ ಇಂಥ ನೂರು ವಿಡಿಯೊಗಳನ್ನು ಕೆನಡಾದ ಸಂಶೋಧಕರು ಪರಿಶೀಲಿಸಿ 2022ರಲ್ಲಿ ವರದಿ ಮಾಡಿದಂತೆ ಅರ್ಧಕ್ಕಿಂತ ಹೆಚ್ಚಿನವು ದಾರಿ ತಪ್ಪಿಸುವಂಥವು. ಥೈರಾಯ್ಡ್ ಏರುಪೇರು, ರಕ್ತಹೀನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವೆಲ್ಲವೂ ಗಮನ ಕೆಡಿಸುತ್ತವೆ. ಕಳೆದ ವರ್ಷದಿಂದ ಶುರುವಾದ ಮರೆವು ಎಡಿಎಚ್‌ಡಿ ಆಗಿರುವ ಸಾಧ್ಯತೆ ಕಡಿಮೆ. ಅದರ ಬೇರು ಬಾಲ್ಯದಲ್ಲಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಗಳ ಸ್ವಪರೀಕ್ಷೆ ಇದೆ, ವೈದ್ಯರ ಬಳಿ ಹೋಗಬೇಕೇ ಎಂದು ತಿಳಿಯಲು ಅದು ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಸಾಲದು. ಹೋಗುವಾಗ ಪ್ರಾಥಮಿಕ ಶಾಲೆಯ ಹಳೆಯ ಅಂಕಪಟ್ಟಿ ಸಿಕ್ಕರೆ ಒಯ್ಯಿರಿ. "ಬುದ್ಧಿವಂತ, ಆದರೆ ಗಮನ ಕೊಡುವುದಿಲ್ಲ" ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದದ್ದು ಇದ್ದರೆ ಅದೇ ದೊಡ್ಡ ಸಾಕ್ಷಿ. ಸಾಧ್ಯವಾದರೆ ಅಮ್ಮನನ್ನೂ ಅಣ್ಣ ಅಕ್ಕಂದಿರನ್ನೂ ಕರೆದೊಯ್ಯಿರಿ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸೇವೆ ಕನ್ನಡದಲ್ಲೇ ಸಿಗುತ್ತದೆ. ಆದರೆ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ, ಇರುವವರ ಬಳಿ ಹೆಚ್ಚು ತೀವ್ರ ಕಾಯಿಲೆಯವರ ಸಾಲಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಹೀಗಾಗಿ ಕಚೇರಿಯಲ್ಲಿ ಸಣ್ಣ ಅನುಕೂಲ ಕೇಳುವುದಕ್ಕೂ ಕೈಯಲ್ಲಿ ಕಾಗದವಿಲ್ಲ. ಬೇಕಾಗುವ ಅನುಕೂಲಗಳಾದರೂ ಎಂಥವು? ಸಭೆಯಲ್ಲಿ ಬಾಯಲ್ಲಿ ಹೇಳಿದ್ದನ್ನು ಎರಡು ಸಾಲಿನಲ್ಲಿ ಬರೆದು ಕಳಿಸುವುದು, ತಿಂಗಳ ಕೊನೆಯ ಒಂದು ಗಡುವಿನ ಬದಲು ವಾರಕ್ಕೊಂದು ಸಣ್ಣ ಗಡುವು, ಗದ್ದಲವಿಲ್ಲದ ಮೂಲೆಯಲ್ಲಿ ಒಂದು ಕುರ್ಚಿ. ಇದಕ್ಕೆ ಕಂಪನಿಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಔಷಧದಂಗಡಿಯ ಪಾಡು. ದುರ್ಬಳಕೆಯ ಭಯದಿಂದ ಮೆಥೈಲ್‌ಫೆನಿಡೇಟ್ ಅನ್ನು ನಮ್ಮ ಔಷಧ ನಿಯಮಗಳ ಎಕ್ಸ್ ಶೆಡ್ಯೂಲಿನಲ್ಲಿ ಇರಿಸಿದ್ದಾರೆ. ಮಾರಲು ಬೇರೆಯೇ ಪರವಾನಗಿ ಬೇಕು, ವೈದ್ಯರ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಆ ಎಚ್ಚರಿಕೆ ಬೇಕಾದದ್ದೇ. ಆದರೆ ಈ ಕಟ್ಟುಪಾಡಿನಿಂದಾಗಿ ಅದನ್ನು ಇಟ್ಟುಕೊಳ್ಳುವ ಅಂಗಡಿಗಳೇ ವಿರಳ. ಸಣ್ಣ ಊರಿನವರು ಚೀಟಿ ಮುಗಿಯುವ ಮೊದಲೇ ವೈದ್ಯರ ದಿನ ಗೊತ್ತುಮಾಡಿಕೊಂಡು, ರಜೆ ಹಾಕಿ, ದೊಡ್ಡ ಊರಿಗೆ ಬಸ್ಸು ಹತ್ತಿ, ಎರಡು ಪ್ರತಿಯನ್ನೂ ಮರೆಯದೆ ಒಯ್ದು, ಮಾತ್ರೆ ಇರುವ ಅಂಗಡಿ ಹುಡುಕಬೇಕು. ಅದೂ ತಿಂಗಳು ತಿಂಗಳೂ. ಮುಂದಾಲೋಚನೆ, ಕಾಗದಪತ್ರ, ದಿನಾಂಕದ ನೆನಪು ಯಾರ ಕೈಗೆ ಹತ್ತುವುದಿಲ್ಲವೋ ಅವರಿಗೇ ಈ ವ್ಯವಸ್ಥೆ ಅದನ್ನೆಲ್ಲ ಕೇಳುತ್ತಿದೆ. ಪ್ರತಿ ಜಿಲ್ಲಾ ಆಸ್ಪತ್ರೆಯ ಔಷಧಾಲಯದಲ್ಲಿ ಈ ಮಾತ್ರೆ ತಪ್ಪದೆ ಸಿಗುವಂತಾಗಬೇಕು, ಸ್ಥಿರವಾಗಿರುವ ರೋಗಿಗಳಿಗೆ ವೈದ್ಯರ ಭೇಟಿಯ ದಿನವೇ ಅದೇ ಕಟ್ಟಡದಲ್ಲಿ ಮಾತ್ರೆಯನ್ನೂ ಮುಂದಿನ ದಿನಾಂಕವನ್ನೂ ಕೊಟ್ಟು ಕಳಿಸಬೇಕು, ಆ ದಿನಾಂಕದ ಹಿಂದಿನ ಸಂಜೆ ಅವರ ಫೋನಿಗೆ ಕನ್ನಡದಲ್ಲಿ ಒಂದು ಸಂದೇಶ ಹೋಗಬೇಕು.